4ಕೆ ಮಾನಿಟರ್, 30 ಹರ್ಟ್ಜ್: ತುಮಕೂರಿನ ಒಂದು ಸ್ಟುಡಿಯೊದ ಪ್ರಕರಣ

ಹಿನ್ನೆಲೆ

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನ ಒಂದು ಅಡ್ಡರಸ್ತೆಯಲ್ಲಿ ಮದುವೆ ಫೋಟೊ, ವಿಡಿಯೊ ಮಾಡುವ ಸಣ್ಣ ಸ್ಟುಡಿಯೊ ಇದೆ. ಮಾಲೀಕರು, ವಿಡಿಯೊ ಎಡಿಟಿಂಗ್ ನೋಡಿಕೊಳ್ಳುವ ಒಬ್ಬ ಯುವತಿ, ಆಲ್ಬಂ ಡಿಸೈನ್ ಮಾಡುವ ಒಬ್ಬ ಹುಡುಗ, ಇಷ್ಟೇ ಕಾಯಂ ಮಂದಿ. ಸೀಸನ್‌ನಲ್ಲಿ ಕ್ಯಾಮೆರಾ ಹಿಡಿಯಲು ಹೊರಗಿನವರು ಬರುತ್ತಾರೆ. ಗುರುತು ಸಿಗಬಾರದೆಂದು ಇಲ್ಲಿ ಹೆಸರು, ಕಂಪನಿ, ಮಾಡೆಲ್ ಯಾವುದನ್ನೂ ಹೇಳಿಲ್ಲ.

ಆಷಾಢದಲ್ಲಿ ಮದುವೆ ಇಲ್ಲ. ವೈಶಾಖ, ಜ್ಯೇಷ್ಠದಲ್ಲಿ ಶೂಟ್ ಮಾಡಿಟ್ಟದ್ದನ್ನೆಲ್ಲ ಕತ್ತರಿಸಿ ಕೊಡುವ ತಿಂಗಳು ಅದು. ಅಂಗಡಿಗಳಲ್ಲಿ ಆಷಾಢದ ರಿಯಾಯಿತಿಯೂ ಇರುತ್ತದೆ. ಆಗಲೇ ಹಳೆಯ 1920×1080 ಮಾನಿಟರ್ ತೆಗೆದು ಹೊಸದೊಂದನ್ನು ತಂದರು: 27 ಇಂಚು, 3840×2160 (ಇದನ್ನೇ 4ಕೆ ಎನ್ನುವುದು), 144 ಹರ್ಟ್ಜ್, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 144 ಸಲ ಬದಲಾಗಬಲ್ಲದು. ಮದುವೆ ವಿಡಿಯೊ ಎಡಿಟಿಂಗ್‌ಗೆ 144 ಹರ್ಟ್ಜ್ ಬೇಕೇ ಬೇಕು ಎಂದೇನಿಲ್ಲ. 60ರ ಮಾನಿಟರ್‌ಗೂ ಇದಕ್ಕೂ ಬೆಲೆಯಲ್ಲಿ ಹೆಚ್ಚು ಅಂತರ ಇರಲಿಲ್ಲ, ತೆಗೆದುಕೊಂಡರು. ಮಾನಿಟರ್ ಹಿಂದೆ ಎರಡು ಎಚ್‌ಡಿಎಂಐ, ಒಂದು ಡಿಸ್‌ಪ್ಲೇ ಪೋರ್ಟ್ 1.4 (ಎಚ್‌ಡಿಎಂಐನಂತೆ ಚಿತ್ರ ತರುವ ಇನ್ನೊಂದು ಬಗೆಯ ಕಿಂಡಿ). ಟೈಪ್-ಸಿ ಇಲ್ಲ.

ಕೆಲಸ ನಡೆಯುವುದು ಲ್ಯಾಪ್‌ಟಾಪ್‌ನಲ್ಲಿ. ಅದರಲ್ಲಿ ಇಂಟೆಲ್ ಪ್ರೊಸೆಸರ್, ಜೊತೆಗೆ ಪ್ರತ್ಯೇಕ ಎನ್ವಿಡಿಯಾ ಗ್ರಾಫಿಕ್ಸ್, ವಿಂಡೋಸ್ 11. ಒಂದು ಎಚ್‌ಡಿಎಂಐ ಪೋರ್ಟ್, ಎರಡು ಟೈಪ್-ಸಿ ಪೋರ್ಟ್. ಟೈಪ್-ಸಿ ಒಂದಕ್ಕೆ ಹಬ್ ಸಿಕ್ಕಿಸಿದ್ದರು. ಹಬ್‌ನಲ್ಲಿ ಮೂರು ಯುಎಸ್‌ಬಿ, ಕಾರ್ಡ್ ರೀಡರ್, ಒಂದು ಎಚ್‌ಡಿಎಂಐ. ಕ್ಯಾಮೆರಾ ಕಾರ್ಡು, ಹೊರಗಿನ ಎಸ್‌ಎಸ್‌ಡಿ, ಕೀಬೋರ್ಡ್, ಹಳೆಯ ಮಾನಿಟರ್ ಎಲ್ಲಕ್ಕೂ ಅದೊಂದೇ ಹಬ್. ಬೆಳಿಗ್ಗೆ ಒಂದು ವೈರ್ ಸಿಕ್ಕಿಸಿದರೆ ಆಯಿತು, ಸಂಜೆ ಒಂದು ಕಿತ್ತರೆ ಆಯಿತು. ಹಳೆಯ ಮಾನಿಟರ್ ಇದೇ ಹಬ್ ಮೂಲಕ 60 ಹರ್ಟ್ಜ್‌ನಲ್ಲಿ ತಕರಾರಿಲ್ಲದೆ ನಡೆದಿತ್ತು. ಮುಂದೆ ಇಷ್ಟು ದಿನ ಯಾರಿಗೂ ಹಬ್ ಮೇಲೆ ಅನುಮಾನ ಬಾರದಿರಲು ಇದೇ ಕಾರಣ.

ತೊಂದರೆ ಕಾಣಿಸಿಕೊಂಡ ಬಗೆ

ಹಳೆಯ ಮಾನಿಟರ್‌ನಿಂದ ಎಚ್‌ಡಿಎಂಐ ಕೇಬಲ್ ಕಿತ್ತು ಹೊಸದಕ್ಕೆ ಸಿಕ್ಕಿಸಿದರು. ಚಿತ್ರ ಬಂತು. ಮೊದಲು ಲ್ಯಾಪ್‌ಟಾಪ್ ಪರದೆಯದೇ ನಕಲು ಬರುತ್ತಿತ್ತು, ಅಂದರೆ ಡ್ಯೂಪ್ಲಿಕೇಟ್ ಮೋಡ್. ಅದರಲ್ಲಿ ಎರಡೂ ಪರದೆಗೆ ಹೊಂದುವ ಕಡಿಮೆ ರೆಸಲ್ಯೂಷನ್ನೇ ಬರುತ್ತದೆ. ಹುಡುಗ ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಿದ, 3840×2160 ಬಂತು. ಆಲ್ಬಂ ಪುಟಗಳು ಎಂದೂ ಕಾಣದಷ್ಟು ಚೊಕ್ಕವಾಗಿ ಕಂಡವು. ಎಲ್ಲರಿಗೂ ಖುಷಿ.

ತಕರಾರು ಬಂದದ್ದು ವಿಡಿಯೊ ಕಡೆಯಿಂದ. ಒಂದು ಆರತಕ್ಷತೆಯ ದೃಶ್ಯದಲ್ಲಿ ಕ್ಯಾಮೆರಾ ವೇದಿಕೆಯ ಎಡದಿಂದ ಬಲಕ್ಕೆ ನಿಧಾನವಾಗಿ ಹೊರಳುತ್ತದೆ. ಹೊಸ ಮಾನಿಟರ್‌ನಲ್ಲಿ ಆ ಚಲನೆ ಜರ್ಕ್ ಹೊಡೆಯುತ್ತಿತ್ತು. ಹಿನ್ನೆಲೆಯ ಹೂವಿನ ಅಲಂಕಾರ ತುಸು ತುಸುವೇ ಜಿಗಿದಂತೆ ಕಾಣುತ್ತಿತ್ತು. ಶೂಟ್ ಮಾಡಿದ್ದು 4ಕೆ, ಸೆಕೆಂಡಿಗೆ 50 ಫ್ರೇಮ್. ನಮ್ಮಲ್ಲಿ ಕರೆಂಟು 50 ಹರ್ಟ್ಜ್. ಕಲ್ಯಾಣ ಮಂಟಪದ ಲೈಟುಗಳ ಮಿಣುಕು ವಿಡಿಯೊದಲ್ಲಿ ಪಟ್ಟೆಯಾಗಿ ಬೀಳದಿರಲಿ ಎಂದು ಇಲ್ಲಿನವರು ಬಹುತೇಕ 25 ಅಥವಾ 50 ಫ್ರೇಮ್‌ನಲ್ಲೇ ಶೂಟ್ ಮಾಡುತ್ತಾರೆ.

ಮೊದಲ ಅನುಮಾನ ಕ್ಯಾಮೆರಾದವರ ಮೇಲೆ, ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಸರಿಯಾಗಿ ಹಿಡಿದಿಲ್ಲ ಎಂದು. ಎರಡನೆಯದು ಲ್ಯಾಪ್‌ಟಾಪ್ ಮೇಲೆ, 4ಕೆ ಫೈಲ್ ಎಳೆಯಲಾರದೆ ಒದ್ದಾಡುತ್ತಿದೆ ಎಂದು. ಅದಕ್ಕಾಗಿ ಎಲ್ಲ ಕ್ಲಿಪ್‌ಗಳಿಗೂ ಕಡಿಮೆ ರೆಸಲ್ಯೂಷನ್ನಿನ ಪ್ರಾಕ್ಸಿ, ಅಂದರೆ ಎಡಿಟಿಂಗ್ ವೇಳೆ ಬಳಸುವ ಹಗುರ ನಕಲು, ಮಾಡಿದರು. ರಾತ್ರಿಯೆಲ್ಲ ಮಷೀನ್ ಓಡಿತು. ಬೆಳಿಗ್ಗೆ ನೋಡಿದರೆ ಜರ್ಕ್ ಹಾಗೆಯೇ ಇದೆ.

ಮೊದಲ ತಿರುವು ಎಡಿಟರ್ ಕೈಯಿಂದ ಬಂತು. ಪ್ಲೇಯರ್ ವಿಂಡೋವನ್ನು ಮಾನಿಟರ್‌ನಿಂದ ಲ್ಯಾಪ್‌ಟಾಪ್ ಪರದೆಗೆ ಎಳೆದು ಅದೇ ದೃಶ್ಯ ಓಡಿಸಿದರು. ಅಲ್ಲಿ ನಯವಾಗಿ ಓಡಿತು. ಮತ್ತೆ ಮಾನಿಟರ್‌ಗೆ ಎಳೆದರು, ಜರ್ಕ್. "ಅಣ್ಣಾ, ಫೈಲ್ ಸರಿಗೇ ಇದೆ. ಮೌಸ್ ನೋಡಿ ಇಲ್ಲಿ, ಎಳೆದ್ರೆ ಎಳೆದಂಗೆ ಬರ್ತಾನೇ ಇಲ್ಲ," ಎಂದು ಮಾಲೀಕರನ್ನು ಕರೆದು ತೋರಿಸಿದರು. ಕ್ಲಿಪ್ಪೂ ಅದೇ, ಮಷೀನೂ ಅದೇ, ಬದಲಾದದ್ದು ಪರದೆ ಒಂದೇ. ಈ ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಪರೀಕ್ಷೆ ಇದು. ಖರ್ಚಿಲ್ಲ, ಅರ್ಧ ನಿಮಿಷದ ಕೆಲಸ. ಪ್ರಾಕ್ಸಿ ಮಾಡುವ ಮೊದಲೇ ಮಾಡಿದ್ದರೆ ಒಂದು ರಾತ್ರಿ ಉಳಿಯುತ್ತಿತ್ತು.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ಮೇಲಿನ ಪಟ್ಟಿಯಲ್ಲಿ ಹೊಸ ಮಾನಿಟರ್ ಆರಿಸಿ ನೋಡಿದರೆ ರಿಫ್ರೆಶ್ ರೇಟ್ 30 ಹರ್ಟ್ಜ್. ಪಟ್ಟಿ ಇಳಿಸಿದರೆ ಸಿಗುವುದು 30, 25, 24 ಮಾತ್ರ. ಸೆಕೆಂಡಿಗೆ 50 ಚಿತ್ರ ಇರುವ ಫೈಲನ್ನು ಸೆಕೆಂಡಿಗೆ 30 ಸಲ ಮಾತ್ರ ಬದಲಾಗುವ ಪರದೆಯಲ್ಲಿ ತೋರಿಸಿದರೆ 20 ಚಿತ್ರ ಬಿಟ್ಟುಹೋಗಲೇಬೇಕು. ಅದೂ ಸಮನಾದ ಅಂತರದಲ್ಲಿ ಬಿಟ್ಟುಹೋಗುವುದಿಲ್ಲ. ಹೂವಿನ ಅಲಂಕಾರ ಜಿಗಿದದ್ದು ಹೀಗೆ. ಕ್ಯಾಮೆರಾದವರ ಮೇಲಿನ ಆರೋಪ ಅಲ್ಲಿಗೆ ಬಿತ್ತು.

ಮಾಡಿ ನೋಡಿದ್ದು: ಡ್ರೈವರ್, ದುಬಾರಿ ಕೇಬಲ್

ಮಾನಿಟರ್ ಮಾರಿದ ಅಂಗಡಿಗೆ ಫೋನ್ ಹೋಯಿತು. "ಡ್ರೈವರ್ ಅಪ್‌ಡೇಟ್ ಮಾಡ್ಕೊಳ್ಳಿ ಸರ್, ಸರಿ ಹೋಗುತ್ತೆ" ಎಂಬ ಉತ್ತರ ಬಂತು. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದರು, ವಿಂಡೋಸ್ ಅಪ್‌ಡೇಟ್ ಮಾಡಿದರು. ಪಟ್ಟಿಯಲ್ಲಿ ಅದೇ ಮೂರು ಅಂಕಿ.

ಮುಂದಿನ ಊಹೆ ಕೇಬಲ್. ಮಾಲೀಕರು ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಎಸ್.ಪಿ. ರಸ್ತೆಯಲ್ಲಿ '8ಕೆ' ಎಂದು ಬರೆದ ಎಚ್‌ಡಿಎಂಐ ಕೇಬಲ್ ತಂದರು. ಕೇಬಲ್ ಚೆನ್ನಾಗಿಯೇ ಇತ್ತು. ಅಲ್ಟ್ರಾ ಹೈ ಸ್ಪೀಡ್ ಎಂಬ ಲೇಬಲ್, ಫೋನಿನಲ್ಲಿ ಸ್ಕ್ಯಾನ್ ಮಾಡಿ ಅಸಲಿಯೇ ಎಂದು ನೋಡುವ ಕ್ಯುಆರ್ ಗುರುತು ಎರಡೂ ಇದ್ದವು. ಅದನ್ನು ಹಬ್‌ಗೂ ಮಾನಿಟರ್‌ಗೂ ನಡುವೆ ಹಾಕಿದರು. ಮತ್ತೆ 30.

ಕೇಬಲ್ ಬದಲಿಸಿದರೂ ಏಕೆ ಬದಲಾಗಲಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಹೆಚ್ಚಿನವರು ಹಣ ಕಳೆದುಕೊಳ್ಳುವ ಜಾಗ ಇದೇ.

4ಕೆ 60 ಹರ್ಟ್ಜ್‌ಗೆ ಬೇಕಾಗುವ ಎಚ್‌ಡಿಎಂಐ 2.0ರಲ್ಲಿ ಕೇಬಲ್ ಎಷ್ಟು ವೇಗ ತಾಳೀತು ಎಂದು ಮೊದಲೇ ಪರೀಕ್ಷೆ ಮಾಡಿ ನೋಡುವ ಕ್ರಮ ಇಲ್ಲ. ಮಾನಿಟರ್ ತನಗೆ ಏನೇನು ಬರುತ್ತದೆ ಎಂಬ ಪಟ್ಟಿ ಕೊಡುತ್ತದೆ, ಕಂಪ್ಯೂಟರ್ ಕಡೆಯ ಚಿಪ್ ತನ್ನ ಕೈಲಾದದ್ದನ್ನು ಅದರಲ್ಲಿ ಆರಿಸಿ ಕಳಿಸುತ್ತದೆ. ಕೇಬಲ್ ದುರ್ಬಲವಾದರೆ ಪರದೆ ಕಪ್ಪಾಗುತ್ತದೆ, ಮಿನುಗುತ್ತದೆ, ಬಿಳಿ ಚುಕ್ಕಿ ಉದುರುತ್ತವೆ. ಆದರೆ ಪಟ್ಟಿಯಿಂದ 60 ಮಾಯವಾಗುವುದಿಲ್ಲ. ಎಚ್‌ಡಿಎಂಐನಲ್ಲಿ 4ಕೆ ಪಟ್ಟಿಯೇ 30ಕ್ಕೆ ನಿಂತಿದೆ ಎಂದರೆ ಮೊದಲು ನೋಡಬೇಕಾದ್ದು ತಾಮ್ರದ ತಂತಿಯನ್ನಲ್ಲ, ನಡುವೆ ಇರುವ ಯಾವುದೋ ಚಿಪ್ಪನ್ನು: ಹಬ್, ಅಡಾಪ್ಟರ್, ಸ್ಪ್ಲಿಟರ್, ಅಥವಾ ಮಾನಿಟರ್ ಮೆನುವಿನ ಒಂದು ಸೆಟ್ಟಿಂಗ್.

ಲೆಕ್ಕ ಹೀಗಿದೆ. 3840×2160 ಎಂದರೆ ಒಂದು ಚಿತ್ರಕ್ಕೆ 82,94,400 ಚುಕ್ಕಿ. ಮೂರು ಬಣ್ಣಕ್ಕೆ 8ರಂತೆ ಚುಕ್ಕಿಗೆ 24 ಬಿಟ್. ಸೆಕೆಂಡಿಗೆ 60 ಚಿತ್ರವಾದರೆ 11.9 ಗಿಗಾಬಿಟ್, ಚಿತ್ರ ಚಿತ್ರದ ನಡುವಿನ ಖಾಲಿ ಅವಧಿ ಸೇರಿಸಿದರೆ ಸುಮಾರು 12.5. ಟೈಪ್-ಸಿ ಪೋರ್ಟ್‌ನಲ್ಲಿ ವೇಗದ ಡೇಟಾಗೆ ನಾಲ್ಕು ಲೇನ್ (ಡೇಟಾ ಸಾಗುವ ದಾರಿ) ಇರುತ್ತವೆ. ಹಬ್‌ನಲ್ಲಿ ಯುಎಸ್‌ಬಿ 3 ವೇಗದ ಕಾರ್ಡ್ ರೀಡರ್, ಎಸ್‌ಎಸ್‌ಡಿ ಇದ್ದರೆ ಎರಡು ಲೇನ್ ಅವಕ್ಕೆ ಹೋಗುತ್ತವೆ, ಚಿತ್ರಕ್ಕೆ ಉಳಿಯುವುದು ಎರಡೇ. ಡಿಸ್‌ಪ್ಲೇ ಪೋರ್ಟ್ 1.2ರ ವೇಗದಲ್ಲಿ ಒಂದು ಲೇನ್ 5.4 ಗಿಗಾಬಿಟ್. ಅದರಲ್ಲಿ ಐದನೇ ಒಂದು ಭಾಗ ಕೋಡಿಂಗ್‌ಗೆ, ಅಂದರೆ ಸಾಗಣೆಗೆಂದು ಸೇರಿಸುವ ಹೆಚ್ಚುವರಿ ಬಿಟ್‌ಗಳಿಗೆ, ಹೋಗುತ್ತದೆ. ಎರಡು ಲೇನ್‌ನಲ್ಲಿ ಚಿತ್ರಕ್ಕೆ ಸಿಗುವುದು 8.64. ಬೇಕಿರುವುದು 12.5. ಹಾಗಾಗಿ 30 ಹರ್ಟ್ಜ್ ನೆಮ್ಮದಿಯಾಗಿ ಹೋಗುತ್ತದೆ, 60 ಹೋಗುವುದಿಲ್ಲ. ಸಾಲದ್ದಕ್ಕೆ ಈ ಹಬ್‌ನೊಳಗಿನ ಎಚ್‌ಡಿಎಂಐ ಚಿಪ್ 1.4ರದು. ಅದರ ಮಿತಿಯೇ 4ಕೆಗೆ 30. ಹಬ್‌ನ ಡಬ್ಬ ಹುಡುಕಿ ತೆಗೆದರೆ ಮುಂದೆ ದೊಡ್ಡದಾಗಿ '4ಕೆ', ಹಿಂದೆ ಸಣ್ಣಕ್ಷರದಲ್ಲಿ '30 ಹರ್ಟ್ಜ್'. ಸುಳ್ಳು ಹೇಳಿಲ್ಲ, ಕಾಣುವ ಹಾಗೆಯೂ ಹೇಳಿಲ್ಲ. 1920×1080ಕ್ಕೆ 60 ಹರ್ಟ್ಜ್‌ನಲ್ಲಿ ಇದರ ಕಾಲು ಭಾಗ ಸಾಕು, ಆದ್ದರಿಂದ ಹಳೆಯ ಮಾನಿಟರ್‌ಗೆ ಈ ಮಿತಿ ಎಂದೂ ತಾಗಿರಲಿಲ್ಲ.

ಎರಡನೇ ತಿರುವು: 120 ಬಂತು, ಅಕ್ಷರ ಹೋಯಿತು

ಹಬ್ ಬಿಟ್ಟು ಲ್ಯಾಪ್‌ಟಾಪ್‌ನ ಸ್ವಂತ ಎಚ್‌ಡಿಎಂಐಗೆ ಕೇಬಲ್ ಹಾಕಿದಾಗ 60 ತಕ್ಷಣ ಸಿಕ್ಕಿತು. ಮೌಸ್ ಕೈ ಹಿಂದೆಯೇ ಓಡಿತು. ಇಲ್ಲಿಗೇ ನಿಲ್ಲಿಸಿದ್ದರೂ ಸ್ಟುಡಿಯೊದ ಕೆಲಸಕ್ಕೆ ಏನೂ ಕೊರತೆ ಇರಲಿಲ್ಲ.

ಆದರೆ ಪಟ್ಟಿಯಲ್ಲಿ 120 ಕೂಡ ಕಾಣುತ್ತಿತ್ತು. ಆರಿಸಿದರು, ಬಂತು. ಆಲ್ಬಂ ಹುಡುಗ ಮರುದಿನ ಕುಳಿತಾಗ ಶುರುವಾಯಿತು ಬೇರೆ ರಗಳೆ. ಕಡುನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರದಲ್ಲಿ ವಧುವರರ ಹೆಸರು ಇತ್ತು. ಅಕ್ಷರದ ಅಂಚು ಕದಡಿದಂತೆ, ಒತ್ತಕ್ಷರದ ಸಣ್ಣ ಸುಳಿಗಳು ಮುಚ್ಚಿಹೋದಂತೆ ಕಂಡವು. ಕಪ್ಪು ಬಿಳುಪಿನ ಪಠ್ಯ ಮಾತ್ರ ಸುಮಾರಾಗಿ ಸರಿಯಾಗಿತ್ತು. ಫಾಂಟ್ ಕೆಟ್ಟಿದೆ ಎಂದುಕೊಂಡು ಫಾಂಟ್ ತೆಗೆದು ಮತ್ತೆ ಹಾಕಿದ. ಪ್ರಿಂಟ್ ತೆಗೆದು ನೋಡಿದ, ಪ್ರಿಂಟ್‌ನಲ್ಲಿ ಅಕ್ಷರ ಚೊಕ್ಕವಾಗಿಯೇ ಇತ್ತು.

ಲ್ಯಾಪ್‌ಟಾಪ್‌ನ ವಿವರಪಟ್ಟಿಯಲ್ಲಿ ಎಚ್‌ಡಿಎಂಐ 2.0 ಎಂದಿತ್ತು. ಅದರ ಒಟ್ಟು ವೇಗ 18 ಗಿಗಾಬಿಟ್, ಕೋಡಿಂಗ್ ಕಳೆದು 14.4. ಆರ್‌ಜಿಬಿಯಲ್ಲಿ, ಅಂದರೆ ಪ್ರತಿ ಚುಕ್ಕಿಗೂ ಪೂರ್ತಿ ಬಣ್ಣ ಕಳಿಸಿ, 4ಕೆ 60ರ ಆಚೆ 120ಕ್ಕೆ ಹೋಗಲು ಅದರಲ್ಲಿ ಜಾಗ ಇಲ್ಲ. ಜಾಗ ಮಾಡಲು ಗ್ರಾಫಿಕ್ಸ್ ಡ್ರೈವರ್ ತಾನಾಗಿ ವೈಸಿಬಿಸಿಆರ್ 4:2:0ಕ್ಕೆ ಇಳಿದಿತ್ತು. ಇದರಲ್ಲಿ ಬೆಳಕಿನ ಮಾಹಿತಿ ಪ್ರತಿ ಚುಕ್ಕಿಗೂ ಹೋಗುತ್ತದೆ, ಬಣ್ಣದ ಮಾಹಿತಿ ನಾಲ್ಕು ಚುಕ್ಕಿಗೆ ಒಂದು. ಸಿನಿಮಾ ನೋಡುವಾಗ ಕಣ್ಣಿಗೆ ತಿಳಿಯುವುದೇ ಇಲ್ಲ. ನೀಲಿಯ ಮೇಲಿನ ಕೆಂಪು ಒತ್ತಕ್ಷರದಲ್ಲಿ ಎದ್ದು ಕಾಣುತ್ತದೆ.

ಇದನ್ನು ಪತ್ತೆ ಹಚ್ಚುವುದು ಸುಲಭ, ನೋಡುವವರು ಕಡಿಮೆ. ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲೇ ರಿಫ್ರೆಶ್ ರೇಟ್ ಜೊತೆಗೆ ಬಿಟ್ ಡೆಪ್ತ್, ಕಲರ್ ಫಾರ್ಮ್ಯಾಟ್ ಬರೆದಿರುತ್ತದೆ. ಮೂರನ್ನೂ ಒಟ್ಟಿಗೆ ಓದಬೇಕು. '120 ಹರ್ಟ್ಜ್, 8 ಬಿಟ್, ವೈಸಿಬಿಸಿಆರ್420' ಎಂದಿದ್ದರೆ ವೇಗಕ್ಕಾಗಿ ಬಣ್ಣ ಕೊಟ್ಟಾಗಿದೆ ಎಂದರ್ಥ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಚೇಂಜ್ ರೆಸಲ್ಯೂಷನ್ ಪುಟದಲ್ಲಿ ಔಟ್‌ಪುಟ್ ಕಲರ್ ಫಾರ್ಮ್ಯಾಟ್ ಆರ್‌ಜಿಬಿ ಮಾಡಲು ಹೋದರೆ 120ರಲ್ಲಿ ಆ ಆಯ್ಕೆಯೇ ಸಿಗಲಿಲ್ಲ, 60ಕ್ಕೆ ಇಳಿಸಿದ ಮೇಲೆ ಸಿಕ್ಕಿತು. ಅದೇ ಪುಟದಲ್ಲಿ ಡೈನಾಮಿಕ್ ರೇಂಜ್ 'ಲಿಮಿಟೆಡ್' ಎಂದಿತ್ತು. ಎಚ್‌ಡಿಎಂಐನಲ್ಲಿ ಬಂದ ಮಾನಿಟರನ್ನು ಡ್ರೈವರ್ ಟಿವಿ ಎಂದು ತಿಳಿದಾಗ ಹೀಗಾಗುತ್ತದೆ, ಕಪ್ಪು ಬೂದಿಯಂತೆ ಕಾಣುತ್ತದೆ. ಅದನ್ನು 'ಫುಲ್' ಮಾಡಿದರು.

ಇಲ್ಲಿ ಒಂದು ನಿರ್ಧಾರ ಬೇಕಿತ್ತು. 60ಕ್ಕೆ ತೃಪ್ತರಾಗಿ ಬಿಡುವುದೋ, 144ರ ದಾರಿ ಹುಡುಕುವುದೋ? ಮಾಲೀಕರ ವಾದ ಸರಳ, ದುಡ್ಡು ಕೊಟ್ಟಿದ್ದೇವೆ, ಬರಲಿ. ಎಡಿಟರ್ ವಾದ ಇನ್ನೂ ಗಟ್ಟಿ. 60ರಲ್ಲಿಯೂ 50 ಫ್ರೇಮ್‌ನ ದೃಶ್ಯ ಪೂರ್ತಿ ನಯವಾಗಿರಲಿಲ್ಲ, ಐದು ಚಿತ್ರಕ್ಕೊಂದು ಚಿತ್ರ ಎರಡು ಸಲ ನಿಲ್ಲುತ್ತಿತ್ತು. ತೀರಾ ಸಣ್ಣ ಎಡವು, ಆದರೆ ದಿನವಿಡೀ ಅದನ್ನೇ ನೋಡುವ ಕಣ್ಣಿಗೆ ಕಾಣುತ್ತದೆ.

ಮೂರನೇ ತಿರುವು: ಟೈಪ್-ಸಿಯಿಂದ ನೇರ ಡಿಸ್‌ಪ್ಲೇ ಪೋರ್ಟ್‌ಗೆ

ಮಾನಿಟರ್‌ನಲ್ಲಿ ಖಾಲಿ ಉಳಿದದ್ದು ಡಿಸ್‌ಪ್ಲೇ ಪೋರ್ಟ್. ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟ್ ಇಲ್ಲ. ಒಂದು ಅಂಗಡಿಯಲ್ಲಿ ಎಚ್‌ಡಿಎಂಐನಿಂದ ಡಿಸ್‌ಪ್ಲೇ ಪೋರ್ಟ್‌ಗೆ ಹೋಗುವ ಕೇಬಲ್ ತೋರಿಸಿದರು. ತೆಗೆದುಕೊಳ್ಳದೆ ಬಂದದ್ದು ಒಳ್ಳೆಯದಾಯಿತು. ಆ ಬಗೆಯ ಸಾದಾ ಕೇಬಲ್‌ಗಳು ಡಿಸ್‌ಪ್ಲೇ ಪೋರ್ಟ್ ಇರುವ ಕಂಪ್ಯೂಟರ್‌ನಿಂದ ಎಚ್‌ಡಿಎಂಐ ಟಿವಿಗೆ ಹೋಗಲು ಮಾಡಿದವು, ಉಲ್ಟಾ ಕೆಲಸ ಮಾಡುವುದಿಲ್ಲ. ಉಲ್ಟಾ ಬೇಕಾದರೆ ಪವರ್ ಬೇಡುವ ಪ್ರತ್ಯೇಕ ಕನ್ವರ್ಟರ್ ಬೇಕು. ಅದನ್ನು ಹಾಕಿದರೂ ಮೂಲದ ಎಚ್‌ಡಿಎಂಐ 2.0ರ ಮಿತಿ ತಪ್ಪುವುದಿಲ್ಲ.

ಉಳಿದ ದಾರಿ ಟೈಪ್-ಸಿ. ಟೈಪ್-ಸಿಯಿಂದ ಡಿಸ್‌ಪ್ಲೇ ಪೋರ್ಟ್‌ಗೆ ನೇರ ಕೇಬಲ್, 3 ಮೀಟರ್ ಉದ್ದದ್ದು ತರಿಸಿದರು. ಮೇಜಿನ ಒಂದು ತುದಿಯಲ್ಲಿ ಯುಪಿಎಸ್ ಪಕ್ಕ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಮಾನಿಟರ್. ಅದಕ್ಕೇ ಅಷ್ಟು ಉದ್ದ. ಈ ಕೇಬಲ್‌ಗಳಿಗೂ ದಿಕ್ಕು ಇರುತ್ತದೆ. ಟೈಪ್-ಸಿ ತುದಿ ಕಂಪ್ಯೂಟರ್‌ಗೆ, ಡಿಸ್‌ಪ್ಲೇ ಪೋರ್ಟ್ ತುದಿ ಮಾನಿಟರ್‌ಗೆ ಎಂದು ಬರೆದಿದೆಯೇ ನೋಡಿಯೇ ಆರ್ಡರ್ ಮಾಡಬೇಕು.

ಸಿಕ್ಕಿಸಿದರೆ 'ಸಿಗ್ನಲ್ ಇಲ್ಲ'. ಎರಡು ಟೈಪ್-ಸಿ ಪೋರ್ಟ್ ಒಂದೇ ಥರ ಕಂಡರೂ ಎರಡರ ಕೆಲಸ ಒಂದಲ್ಲ. ಫೋನಿನ ಟಾರ್ಚ್ ಹಾಕಿ ನೋಡಿದಾಗ ಒಂದರ ಪಕ್ಕ ಯುಎಸ್‌ಬಿ ಗುರುತಿನ ಜೊತೆ 10 ಎಂದಿತ್ತು, ಇನ್ನೊಂದರ ಪಕ್ಕ 'ಡಿ' ಒಳಗೆ ಸೇರಿಕೊಂಡ 'ಪಿ' ಆಕಾರದ ಪುಟ್ಟ ಗುರುತು. ಎರಡನೆಯದೇ ಡಿಸ್‌ಪ್ಲೇ ಪೋರ್ಟ್ ಗುರುತು, ಚಿತ್ರ ಬರುವುದು ಅಲ್ಲಿಂದ ಮಾತ್ರ. ಮಿಂಚಿನ ಗುರುತು ಇದ್ದರೆ ಥಂಡರ್‌ಬೋಲ್ಟ್, ಅಲ್ಲಿಂದಲೂ ಬರುತ್ತದೆ. ಈವರೆಗೆ ಹಬ್ ಕೂತಿದ್ದದ್ದು ಈ ಡಿಸ್‌ಪ್ಲೇ ಪೋರ್ಟ್ ಗುರುತಿನ ಜಾಗದಲ್ಲಿ. ಅದನ್ನು ಪಕ್ಕದ 10 ಗಿಗಾಬಿಟ್ ಪೋರ್ಟ್‌ಗೆ ಸರಿಸಿದರು. ಕಾರ್ಡ್ ರೀಡರ್, ಎಸ್‌ಎಸ್‌ಡಿ ಅಲ್ಲಿ ಹಿಂದಿನ ಹಾಗೆಯೇ ನಡೆದವು. ಹೋದದ್ದು ಒಂದೇ ವೈರ್‌ನ ಸುಖ.

ಸರಿಯಾದ ಪೋರ್ಟ್‌ನಲ್ಲಿ ಚಿತ್ರ ಬಂತು, ಪಟ್ಟಿ ಮಾತ್ರ 60ಕ್ಕೇ ನಿಂತಿತು. ಎಡಿಟರ್ ಎನ್ವಿಡಿಯಾ ಪ್ಯಾನೆಲ್ ತೆರೆದು ಹುಡುಕಿದರೆ ಅಲ್ಲಿ ಮಾನಿಟರೇ ಇಲ್ಲ. ಕಾರಣ, ಈ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಎನ್ವಿಡಿಯಾಗೆ ಸೇರಿದೆ, ಟೈಪ್-ಸಿ ಇಂಟೆಲ್ ಗ್ರಾಫಿಕ್ಸ್‌ಗೆ ಸೇರಿದೆ. ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ಮಾನಿಟರ್ ಹೆಸರಿನ ಕೆಳಗೆ ಯಾವುದಕ್ಕೆ ಕನೆಕ್ಟ್ ಆಗಿದೆ ಎಂದು ಬರೆದಿರುತ್ತದೆ, ಬಣ್ಣದ ಸೆಟ್ಟಿಂಗ್ ಹುಡುಕುವುದು ಆ ಕಂಪನಿಯ ಸಾಫ್ಟ್‌ವೇರ್‌ನಲ್ಲಿ. ಯಾವ ಪೋರ್ಟ್ ಯಾವ ಚಿಪ್‌ಗೆ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ, ನೋಡಿಯೇ ತಿಳಿಯಬೇಕು.

60ಕ್ಕೆ ನಿಂತ ಕಾರಣ ಮಾನಿಟರ್ ಮೆನುವಿನಲ್ಲಿತ್ತು. ಮಾನಿಟರ್ ಹಿಂದಿನ ಗುಂಡಿ ಒತ್ತಿ ಇನ್‌ಪುಟ್ ಸೆಟ್ಟಿಂಗ್‌ಗೆ ಹೋದರೆ ಡಿಸ್‌ಪ್ಲೇ ಪೋರ್ಟ್ ಆವೃತ್ತಿ '1.2' ಎಂದಿತ್ತು. ಹಳೆಯ ಕಂಪ್ಯೂಟರ್‌ಗೂ ಹೊಂದಲಿ ಎಂದು ಕೆಲವು ಮಾನಿಟರ್‌ಗಳು ಫ್ಯಾಕ್ಟರಿಯಿಂದ ಹೀಗೇ ಬರುತ್ತವೆ. 1.2ರ ನಾಲ್ಕೂ ಲೇನ್ ಸೇರಿ ಚಿತ್ರಕ್ಕೆ ಸಿಗುವುದು 17.28 ಗಿಗಾಬಿಟ್. 4ಕೆ 120ಕ್ಕೆ ಬೇಕಾದ್ದು 25.8. 1.4ಕ್ಕೆ ಬದಲಿಸಿದರೆ ಸಿಗುವುದು 25.92, ಅಂದರೆ 120 ಕೂದಲೆಳೆಯಲ್ಲಿ ಹಿಡಿಸುತ್ತದೆ. 144ಕ್ಕೆ ಬೇಕಾದ್ದು 31.3, ಇದು ನೇರವಾಗಿ ಹಿಡಿಸುವುದಿಲ್ಲ. ಅಲ್ಲಿ ಚಿತ್ರದ ಡೇಟಾವನ್ನು ಕುಗ್ಗಿಸಿ ಕಳಿಸುವ ಡಿಎಸ್‌ಸಿ ಎಂಬ ಸಂಕುಚನ ಕೆಲಸಕ್ಕೆ ಬರುತ್ತದೆ. ಕಂಪ್ಯೂಟರ್ ಕಡೆಯ ಚಿಪ್ಪು, ಮಾನಿಟರ್ ಎರಡಕ್ಕೂ ಅದು ಬರಬೇಕು. ಇಲ್ಲಿ ಎರಡಕ್ಕೂ ಇತ್ತು.

1.4 ಮಾಡಿದ ಕೂಡಲೇ ಪಟ್ಟಿಯಲ್ಲಿ 100, 120, 144 ಎಲ್ಲವೂ ಬಂದವು. 144 ಆರಿಸಿದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಸ್ವಲ್ಪ ಹೊತ್ತಿಗೆ ಪರದೆ ಎರಡು ಸೆಕೆಂಡು ಕಪ್ಪಾಗಿ ಮತ್ತೆ ಬಂತು. ಆಮೇಲೆ ಆಗಾಗ. ಯುಪಿಎಸ್ ಬ್ಯಾಟರಿಗೆ ಬದಲಾಗುವ ಗಳಿಗೆಯಲ್ಲಂತೂ ತಪ್ಪದೆ. ಊಟಕ್ಕೆ ಹೋಗಿ ಬಂದು ನಿದ್ರೆಗೆ ಜಾರಿದ್ದ ಲ್ಯಾಪ್‌ಟಾಪ್ ಎಬ್ಬಿಸಿದರೆ ಕಪ್ಪಾಗುವುದು ನಿಂತಿತ್ತು, ಸರಿಹೋಯಿತು ಎಂದುಕೊಂಡರು. ಸರಿಹೋಗಿರಲಿಲ್ಲ. ಪಟ್ಟಿಯಲ್ಲಿ 60ರ ಮೇಲೆ ಏನೂ ಉಳಿದಿರಲಿಲ್ಲ.

ಡಿಸ್‌ಪ್ಲೇ ಪೋರ್ಟ್‌ನ ಗುಣ ಇಲ್ಲಿ ಎಚ್‌ಡಿಎಂಐ 2.0ಕ್ಕಿಂತ ಬೇರೆ. ಸಂಪರ್ಕವಾದ ಪ್ರತಿ ಸಲ ಎರಡೂ ತುದಿ ಯಾವ ವೇಗದಲ್ಲಿ ಮಾತಾಡಬಹುದೆಂದು ಪರೀಕ್ಷೆ ಮಾಡಿಕೊಳ್ಳುತ್ತವೆ. ಇದಕ್ಕೆ ಲಿಂಕ್ ಟ್ರೇನಿಂಗ್ ಎನ್ನುತ್ತಾರೆ. ಲೇನ್‌ಗೆ 8.1 ಗಿಗಾಬಿಟ್‌ನಲ್ಲಿ ಪಾಸಾಗದಿದ್ದರೆ ಸದ್ದಿಲ್ಲದೆ 5.4ಕ್ಕೆ ಇಳಿಯುತ್ತವೆ, ದೊಡ್ಡ ಅಂಕಿಗಳು ಪಟ್ಟಿಯಿಂದ ಮಾಯ. 3 ಮೀಟರ್ ಕೇಬಲ್ ಅಂಚಿನಲ್ಲಿತ್ತು. ಒಮ್ಮೆ ಪಾಸಾಗುತ್ತಿತ್ತು, ಒಮ್ಮೆ ಇಲ್ಲ. ಪಾಸಾದಾಗಲೂ ಸಣ್ಣ ವಿದ್ಯುತ್ ಗದ್ದಲಕ್ಕೆ ಮುಗ್ಗರಿಸುತ್ತಿತ್ತು. ಹಾಗಾಗಿ ಹಬ್‌ನ ಎಚ್‌ಡಿಎಂಐ ವಿಷಯದಲ್ಲಿ ತಪ್ಪಾಗಿದ್ದ 'ಕೇಬಲ್ ಇರಬೇಕು' ಎಂಬ ಊಹೆ ಇಲ್ಲಿ ಸರಿಯಾಗಿತ್ತು.

ಈ ವೇಗದ ತಾಮ್ರದ ಕೇಬಲ್ 3 ಮೀಟರ್‌ನಲ್ಲಿ ನೆಚ್ಚುವಂಥದ್ದಲ್ಲ, 2 ಮೀಟರ್ ಒಳಗೇ ಇರಲಿ. ಇನ್ನೂ ದುಬಾರಿ 3 ಮೀಟರ್ ಹುಡುಕುವ ಬದಲು 1.5 ಮೀಟರ್‌ನದು ತರಿಸಿ, ಮೇಜಿನ ಜೋಡಣೆಯನ್ನೇ ಬದಲಿಸಿದರು. ಲ್ಯಾಪ್‌ಟಾಪ್ ಮಾನಿಟರ್ ಪಕ್ಕಕ್ಕೆ ಬಂತು, ಉದ್ದ ಬೇಕಾದ್ದು ಚಾರ್ಜರ್ ವೈರ್‌ಗೆ, ಅದಕ್ಕೆ ಎಕ್ಸ್‌ಟೆನ್ಷನ್ ಬೋರ್ಡ್ ಸಾಕು. ಕೇಬಲ್‌ಅನ್ನು ಮೇಜಿನ ಅಂಚಿನಲ್ಲಿ ಬಿಗಿಯಾಗಿ ಮಡಿಸಿ ಟೈ ಹಾಕಿದ್ದನ್ನೂ ಬಿಚ್ಚಿ ಸಡಿಲ ಬಿಟ್ಟರು.

ಆದದ್ದು

144 ನಿಂತಿತು. ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ಆರ್‌ಜಿಬಿ ಎಂದಿದೆ, ಮಾನಿಟರ್ ಮೆನುವಿನ ಮಾಹಿತಿ ಪುಟದಲ್ಲೂ ಅದೇ ಅಂಕಿ. ಎರಡೂ ಕಡೆ ನೋಡುವುದು ಒಳ್ಳೆಯ ರೂಢಿ, ಏಕೆಂದರೆ ಮಾನಿಟರ್ ಹೇಳುವುದು ನಿಜವಾಗಿ ತನಗೆ ಬಂದು ಮುಟ್ಟಿದ್ದನ್ನು. ಯುಪಿಎಸ್ ಬದಲಾವಣೆಗೆ ಪರದೆ ಕಪ್ಪಾಗುವುದೂ ನಿಂತಿದೆ. ಕೆಂಪು ಒತ್ತಕ್ಷರ ಮತ್ತೆ ಚೊಕ್ಕವಾಗಿದೆ. ಡಿಎಸ್‌ಸಿ ಇದೆಯೆಂದು ಡಿಸೈನ್ ಹುಡುಗನಿಗಾಗಲೀ ಎಡಿಟರ್‌ಗಾಗಲೀ ಚಿತ್ರದಲ್ಲಿ ಯಾವ ವ್ಯತ್ಯಾಸವೂ ಕಂಡಿಲ್ಲ.

ಆದರೆ ಎಡಿಟರ್ ದಿನವೂ ಇಟ್ಟುಕೊಳ್ಳುವುದು 144 ಅಲ್ಲ, 100. 144 ಎಂಬುದು 50ರಿಂದಲೂ 25ರಿಂದಲೂ ಭಾಗವಾಗುವುದಿಲ್ಲ. ಕೆಲವು ಚಿತ್ರ ಮೂರು ಸಲ, ಕೆಲವು ಎರಡು ಸಲ ನಿಲ್ಲುತ್ತವೆ. 100ರಲ್ಲಿ 50 ಫ್ರೇಮ್‌ನ ಪ್ರತಿ ಚಿತ್ರ ಸರಿಯಾಗಿ ಎರಡು ಸಲ, 25ರದು ನಾಲ್ಕು ಸಲ. ಆರತಕ್ಷತೆಯ ಆ ಹೊರಳುವ ದೃಶ್ಯ ಈ ಮಾನಿಟರ್‌ನಲ್ಲಿ ಮೊದಲ ಸಲ ಎಡವದೆ ಓಡಿದ್ದು 100ಕ್ಕೆ ಇಳಿಸಿದಾಗ. ಜೊತೆಗೆ 100 ಹರ್ಟ್ಜ್‌ಗೆ 8 ಬಿಟ್‌ನಲ್ಲಿ ಬೇಕಾದ್ದು ಸುಮಾರು 21.3 ಗಿಗಾಬಿಟ್, ಸಂಕುಚನದ ಹಂಗಿಲ್ಲದೆಯೂ 1.4ರಲ್ಲಿ ಹಿಡಿಸುವಷ್ಟು. 24, 30, 60 ಫ್ರೇಮ್‌ನಲ್ಲಿ ಶೂಟ್ ಮಾಡುವವರಿಗೆ ಇದೇ ಲೆಕ್ಕದಲ್ಲಿ 120 ಹೊಂದುತ್ತದೆ. ಡಬ್ಬದ ಮೇಲಿನ ಗರಿಷ್ಠ ಅಂಕಿ ಆಟ ಆಡುವವರಿಗೆ ಹೇಳಿದ್ದು, ಎಡಿಟಿಂಗ್ ಮೇಜಿಗೆ ಫ್ರೇಮ್ ರೇಟ್‌ನಿಂದ ಭಾಗವಾಗುವ ಅಂಕಿಯೇ ಮೇಲು.

ಈ ಪ್ರಕರಣದಿಂದ ಬೇರೆಯವರಿಗೆ ಸಿಗುವುದು

ಇಲ್ಲಿ ಮಿತಿ ಒಂದೇ ಕಡೆ ಇರಲಿಲ್ಲ, ಒಂದರ ಹಿಂದೆ ಒಂದು ಅಡಗಿತ್ತು. ಹಬ್ 30ಕ್ಕೆ ಹಿಡಿದಿತ್ತು, ಅದನ್ನು ತೆಗೆದರೆ ಎಚ್‌ಡಿಎಂಐ 2.0 60ಕ್ಕೆ, ಅದನ್ನು ದಾಟಿದರೆ ಮಾನಿಟರ್ ಮೆನು, ಅದರ ಹಿಂದೆ ಕೇಬಲ್ ಉದ್ದ. ಹೀಗಿರುವಾಗ ಒಂದು ವಸ್ತು ಬದಲಿಸಿ ಅಂಕಿ ಬದಲಾಗದಿದ್ದರೆ ಆ ವಸ್ತು ನಿರ್ದೋಷಿ ಎಂದು ತೀರ್ಮಾನಿಸುವಂತಿಲ್ಲ, ಮುಂದಿನ ಮಿತಿ ಅದರ ಮೇಲೆ ಕೂತಿರಬಹುದು. '8ಕೆ' ಕೇಬಲ್ ವ್ಯರ್ಥ ಎಂದು ಬದಿಗಿಟ್ಟಿದ್ದರು. ಹಬ್ ತೆಗೆದ ಮೇಲೆ ನೇರ ಎಚ್‌ಡಿಎಂಐನಲ್ಲಿ ಒಮ್ಮೆಯೂ ಮಿನುಗದೆ 60 ಕೊಟ್ಟದ್ದು ಅದೇ ಕೇಬಲ್.

ಹುಡುಕುವ ಕ್ರಮವೂ ಮುಖ್ಯ. ಮೊದಲು ಹಬ್, ಅಡಾಪ್ಟರ್ ಎಲ್ಲ ಕಿತ್ತು ಒಂದೇ ಕೇಬಲ್‌ನಲ್ಲಿ ನೇರ ಸಂಪರ್ಕ. ಆಮೇಲೆ ಪೋರ್ಟ್‌ನ ಗುರುತು ಮತ್ತು ಲ್ಯಾಪ್‌ಟಾಪ್‌ನ ವಿವರಪಟ್ಟಿ. ಮೂರನೆಯದು ಮಾನಿಟರ್ ಮೆನುವಿನ ಆವೃತ್ತಿ. ದುಡ್ಡು ಖರ್ಚಾಗುವ ಕೇಬಲ್ ಕೊನೆಗೆ. ಇಲ್ಲಿ ನಡೆದದ್ದು ಹೆಚ್ಚುಕಡಿಮೆ ಇದರ ತಲೆಕೆಳಗು. ಡ್ರೈವರ್‌ನಿಂದ ಸರಿಹೋಗುವ ಪ್ರಕರಣಗಳೂ ಇವೆ, ಆದರೆ ಪಟ್ಟಿ 30ಕ್ಕೆ ಖಡಾಖಂಡಿತವಾಗಿ ನಿಂತಿದ್ದರೆ ಡ್ರೈವರ್‌ಗಿಂತ ಮೊದಲು ನಡುವಿನ ಪೆಟ್ಟಿಗೆಯನ್ನು ಅನುಮಾನಿಸುವುದು ಲೇಸು.

ಹೊಸದಾಗಿ ಕೊಳ್ಳುವವರು ಮಾನಿಟರ್ ಡಬ್ಬಕ್ಕಿಂತ ಮೊದಲು ತಮ್ಮ ಕಂಪ್ಯೂಟರ್‌ನ ಪೋರ್ಟ್ ನೋಡಬೇಕು. 'ಎಚ್‌ಡಿಎಂಐ 2.1' ಎಂದು ಬರೆದ ಮಾತ್ರಕ್ಕೆ ಪೂರ್ತಿ 48 ಗಿಗಾಬಿಟ್ ಇರುತ್ತದೆ ಎಂದು ನಂಬುವ ಹಾಗಿಲ್ಲ, 4ಕೆ 144 ಬರುತ್ತದೆ ಎಂದು ವಿವರಪಟ್ಟಿಯಲ್ಲೇ ಬರೆದಿರಬೇಕು. ಟೈಪ್-ಸಿಗೂ ಹಾಗೆಯೇ, ಡಿಸ್‌ಪ್ಲೇ ಪೋರ್ಟ್ 1.4 ಎಂಬ ಮಾತು ಇದೆಯೇ ನೋಡಬೇಕು.

ಸ್ಟುಡಿಯೊದಲ್ಲಿ ಒಂದು ಸಣ್ಣ ತೊಡಕು ಉಳಿದಿದೆ. ಕರೆಂಟು ಪೂರ್ತಿ ಹೋಗಿ ಯುಪಿಎಸ್ಸೂ ಬತ್ತಿ ಮಾನಿಟರ್ ಮೊದಲಿಂದ ಆನ್ ಆದಾಗ ವಿಂಡೋಸ್ ಕೆಲವೊಮ್ಮೆ 60ಕ್ಕೇ ಬಂದು ಕೂರುತ್ತದೆ. ಪಟ್ಟಿಯಲ್ಲಿ 100 ಇರುತ್ತದೆ, ಆರಿಸಿದರೆ ಬರುತ್ತದೆ. ಎಡಿಟರ್ ಈಗ ಬೆಳಿಗ್ಗೆ ಟೈಮ್‌ಲೈನ್ ತೆರೆಯುವ ಮೊದಲು ಆ ಪುಟ ಒಮ್ಮೆ ತೆರೆದು ನೋಡುತ್ತಾರೆ. ಹಳೆಯ ಹಬ್‌ನ ಎಚ್‌ಡಿಎಂಐ ಕಿಂಡಿಗೆ ಯಾರೂ ಮರೆತು ಸಿಕ್ಕಿಸದಿರಲಿ ಎಂದು ಹುಡುಗ ಅದರ ಮೇಲೆ ಬಿಳಿ ಟೇಪ್ ಅಂಟಿಸಿದ್ದಾನೆ.